ಡಿಕ್ಕಿಯೊಳಗಿನ ಐದನೆಯ ಗಾಲಿ

ಮುಂಬಯಿಯ ಕನ್ನಡಿಗನಿಗೆ ಸಯನ್ ಎಂದರೆ ಬರಿಯ ಒಂದು ರೈಲು ನಿಲ್ದಾಣವಲ್ಲ. ಅದು ಊರಿನ ದಾರಿಯ ಹೆಬ್ಬಾಗಿಲು. ಪನ್ವೇಲಿಗೆ ಹೋಗುವ ಹೆದ್ದಾರಿಯು ಇಲ್ಲಿಂದಲೇ ಹೊರಡುತ್ತದೆ. ಪನ್ವೇಲಿನಲ್ಲಿ 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿದವನು ಮಹಾಡ, ಚಿಪಳೂಣ, ಸಾವಂತವಾಡಿಗಳನ್ನು ಹಿಂದೆ ಹಾಕಿ, ಗೋವೆಯನ್ನು ದಾಟಿ ಕಾರವಾರವನ್ನೂ, ಮುಂದೆ ಕುಂದಾಪುರ, ಉಡುಪಿ, ಮಂಗಳೂರುಗಳನ್ನೂ ಸೇರುತ್ತಾನೆ. ಪುಣೆಯ ಕಡೆಗೆ ಘಟ್ಟ ಹತ್ತಿದವನು ಸಾತಾರಾ, ಕೊಲ್ಲಾಪುರಗಳ ಮಾರ್ಗವಾಗಿ ಬೆಳಗಾವಿ, ಹುಬ್ಬಳ್ಳಿಗಳನ್ನು ಸೇರುತ್ತಾನೆ. ಟ್ರಂಕು, ಗಂಟುಮೂಟೆಗಳೊಡನೆ ಸಯನ್ನಿನಲ್ಲಿ ನಿಂತು ಊರಿನ ಬಸ್ಸನ್ನು ಕಾಯದ ಕನ್ನಡಿಗರು ವಿರಳ. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ತಿಯಾಗಿ ತೆರೆದ ಮೇಲೂ ಈ ರಸ್ತೆಯ ನಂಟು ನಮಗೆ ತಪ್ಪಿಲ್ಲ.

ಈ ರಸ್ತೆಯಲ್ಲಿ ಈಗ ಹೊಸ ಬಗೆಯ ಕಾರುಗಳು ಓಡಾಡುತ್ತಿವೆ. ಸಯನ್ ಸರ್ಕಲಿನ ಸಿಗ್ನಲ್ಲಿನಲ್ಲಿ ಮಿಕ್ಕ ಗಾಡಿಗಳೆಲ್ಲ ಗುರುಗುಟ್ಟುತ್ತಿರುವಾಗ ಅವು ಮೌನವಾಗಿ ನಿಲ್ಲುತ್ತವೆ; ಹಸಿರು ದೀಪ ಬಿದ್ದೊಡನೆ ಸದ್ದಿಲ್ಲದೆ ಜಾರಿ ಮುಂದಕ್ಕೆ ಹೋಗುತ್ತವೆ. ಇವೇ ಹೈಬ್ರಿಡ್ ಕಾರುಗಳು. ಇವುಗಳಲ್ಲಿ ದೊಡ್ಡವು, ಐಷಾರಾಮಿಯವು, ನಮ್ಮ ಹೋಟೆಲುಗಳ ದಣಿಗಳ ಮನೆಗಳಿಗೂ ಬಂದಿವೆ.

"ತಿಂಗಳ ಸಂಬಳದಲ್ಲಿ ಬಾಡಿಗೆ ಕಟ್ಟಿ, ಊರಿಗೆ ಹಣ ಕಳಿಸುವ ನಮಗೆ ಇದರ ಗೊಡವೆ ಏಕೆ?" ಎಂದು ವಾಚಕರು ಕೇಳಬಹುದು. ಕಾರಣಗಳುಂಟು. ಅಂಥ ಕಾರನ್ನು ನಡೆಸುವ ಡ್ರೈವರು ಅನೇಕ ಕಡೆ ನಮ್ಮವನೇ. ಐದಾರು ವರ್ಷ ಓಡಿದ ಕಾರಿನ ಬೆಲೆ ಇಳಿದಾಗ, ಅಣ್ಣತಮ್ಮಂದಿರು ಸೇರಿ ಅದನ್ನು ಕೊಳ್ಳುವ ವಿಚಾರವೂ ಮನೆಗಳಲ್ಲಿ ಏಳುತ್ತದೆ. ಮೇ ತಿಂಗಳ ಮದುವೆಗೋ ಊರಿನ ಕೋಲಕ್ಕೋ ಹೊರಡುವಾಗ, ಕಾರು ಯಾರದೇ ಆಗಿರಲಿ, ಅದರೊಳಗೆ ಕುಳಿತು ರಾತ್ರಿಯಿಡೀ ಪಯಣಿಸುವವರು ನಮ್ಮ ಹೆಂಡಿರು ಮಕ್ಕಳು. ಆದುದರಿಂದ ಈ ಕಾರಿನ ಗುಣದೋಷಗಳನ್ನೂ, ಮುಖ್ಯವಾಗಿ ಅದರ ಡಿಕ್ಕಿಯಲ್ಲಿ ಐದನೆಯ ಗಾಲಿಯೊಂದು ಉಂಟೋ ಇಲ್ಲವೋ ಎಂಬುದನ್ನೂ ತಿಳಿದಿರುವುದು ಅಗತ್ಯವಾಗಿದೆ.

ಎರಡು ಎತ್ತಿನ ಗಾಡಿ

ಹೈಬ್ರಿಡ್ ಎಂಬ ಮಾತು ನಮ್ಮ ಹಳ್ಳಿಗಳಿಗೆ ಮೊದಲು ಬಂದುದು ಮೋಟಾರಿನೊಡನೆ ಅಲ್ಲ, ಬೀಜದ ಚೀಲದೊಡನೆ. 1960ರ ದಶಕದಲ್ಲಿ ಹೈಬ್ರಿಡ್ ಜೋಳವು ಹೊಲಗಳಿಗೆ ಬಂದಾಗ, ಎರಡು ತಳಿಗಳ ಕೂಡಿಕೆಯಿಂದ ಹುಟ್ಟಿದ್ದು ಎಂಬ ಅರ್ಥವನ್ನು ರೈತರು ತಿಳಿದುಕೊಂಡರು. ಕಾರಿನಲ್ಲಿಯೂ ಅರ್ಥವು ಅದೇ. ಪೆಟ್ರೋಲಿನ ಎಂಜಿನು ಒಂದು, ವಿದ್ಯುತ್ತಿನ ಮೋಟಾರು ಇನ್ನೊಂದು. ಇವೆರಡೂ ಒಂದೇ ನೊಗಕ್ಕೆ ಹೂಡಿದ ಎತ್ತುಗಳಂತೆ ಕೆಲಸ ಮಾಡುತ್ತವೆ. ನಿಧಾನವಾಗಿ ಚಲಿಸುವಾಗ ಮೋಟಾರೊಂದೇ ಸಾಕು. ಏರು ಬಂದಾಗ ಎರಡೂ ಎಳೆಯುತ್ತವೆ. ಬ್ರೇಕು ಒತ್ತಿದಾಗ ಸಾಧಾರಣ ಕಾರಿನಲ್ಲಿ ಶಾಖವಾಗಿ ಹಾಳಾಗುವ ಶಕ್ತಿಯ ಒಂದು ಭಾಗವನ್ನು ಇಲ್ಲಿ ಮೋಟಾರು ವಿದ್ಯುತ್ತಾಗಿ ತಿರುಗಿಸಿ ಬ್ಯಾಟರಿಗೆ ತುಂಬುತ್ತದೆ. ಇಂಥ ಕಾರುಗಳಲ್ಲಿ ಹೆಚ್ಚಿನವನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜು ಮಾಡಬೇಕಾಗಿಲ್ಲ.

ಇದರಿಂದ ಒಂದು ವಿಚಿತ್ರ ಫಲವುಂಟು. ಸಾಧಾರಣ ಕಾರು ಬಯಲು ಹೆದ್ದಾರಿಯಲ್ಲಿ ಹೆಚ್ಚು ಮೈಲೇಜು ಕೊಟ್ಟು ಪೇಟೆಯ ಸಂದಣಿಯಲ್ಲಿ ಪೆಟ್ರೋಲನ್ನು ಕುಡಿಯುತ್ತದೆ. ಹೈಬ್ರಿಡ್ ಕಾರಿನ ಮುಖ್ಯ ಉಳಿತಾಯವಾದರೋ ಸಂದಣಿಯಲ್ಲಿಯೇ. 1912ರಲ್ಲಿ ಕಟ್ಟಿದ ಸಯನ್ನಿನ ರೈಲ್ವೆ ಮೇಲ್ಸೇತುವೆಯನ್ನು ಮರುನಿರ್ಮಾಣಕ್ಕಾಗಿ 2024ರ ಆಗಸ್ಟ್ 1ರಿಂದ ವಾಹನಗಳಿಗೆ ಮುಚ್ಚಿದ ಮೇಲೆ ಸುತ್ತಲಿನ ರಸ್ತೆಗಳಲ್ಲಿ ತೆವಳಿದವರಿಗೆ ಈ ಗುಣದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಕುರ್ಲಾದಿಂದ ಬಿಡದಿಗೆ

ಈ ಕಾರುಗಳಿಗೂ ಕನ್ನಡನಾಡಿಗೂ ಇರುವ ನಂಟನ್ನು ಇಲ್ಲಿ ನೆನೆಯಬೇಕು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಮೋಟಾರು ಕಾರಿನ ಕಾರ್ಖಾನೆಯೊಂದನ್ನು ತೆರೆಯಬೇಕೆಂದು ಬಹಳವಾಗಿ ಶ್ರಮಿಸಿದರು. 1935ರಲ್ಲಿ, ತಮ್ಮ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಯುರೋಪು ಅಮೆರಿಕಗಳಿಗೆ ಹೋಗಿ ಅಲ್ಲಿಯ ಕಾರ್ಖಾನೆಗಳನ್ನು ಕಣ್ಣಾರೆ ನೋಡಿ ಬಂದರು. ಆದರೆ ಅಂದಿನ ಬ್ರಿಟಿಷ್ ಸರಕಾರದ ಬೆಂಬಲ ದೊರೆಯದೆ ಆ ಯೋಜನೆಯು ಬೆಂಗಳೂರಿನಲ್ಲಿ ಕೈಗೂಡಲಿಲ್ಲ. ಅದರಲ್ಲಿ ಅವರೊಡನೆ ಕೈಜೋಡಿಸಿದ್ದ ಉದ್ಯಮಿ ವಾಲಚಂದ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಕಾರ್ಖಾನೆಯು ತಲೆಯೆತ್ತಿದ್ದು ಕುರ್ಲಾದಲ್ಲಿ, ಎಂದರೆ ಸಯನ್ನಿನಿಂದ ರೈಲಿನಲ್ಲಿ ಮುಂದಿನ ನಿಲ್ದಾಣದಲ್ಲಿ. ಬೆಂಗಳೂರಿಗೆ ಬರಬೇಕಾಗಿದ್ದ ಕಾರಿನ ಕೈಗಾರಿಕೆಯು ಸಯನ್ನಿನ ನೆರೆಗೆ ಬಂದುದು ಹೀಗೆ.

ಅಲ್ಲಿ ತಯಾರಾದ ಫಿಯೆಟ್ ಕಾರು 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರನ್ನು ಪಡೆದು, ಕಪ್ಪು-ಹಳದಿ ಟ್ಯಾಕ್ಸಿಯಾಗಿ ಮುಂಬಯಿಯ ಗುರುತೇ ಆಯಿತು. ಇಪ್ಪತ್ತು ವರ್ಷದ ವಯೋಮಿತಿಯ ನಿಯಮದಂತೆ, 2023ರ ಅಕ್ಟೋಬರ್ 30ರಿಂದ ಆ ಪದ್ಮಿನಿ ಟ್ಯಾಕ್ಸಿಯು ಮುಂಬಯಿಯ ರಸ್ತೆಗಳಿಂದ ನಿವೃತ್ತಿ ಹೊಂದಿತು.

ಇತ್ತ ಕನ್ನಡನಾಡಿನಲ್ಲಿ ವಿಶ್ವೇಶ್ವರಯ್ಯನವರ ಆಸೆಯು ಬಹುಕಾಲದ ಮೇಲೆ ಬೇರೊಂದು ರೂಪದಲ್ಲಿ ಕೈಗೂಡಿತು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನಿಟ್ಟು ಉದ್ಯಮವನ್ನು ಆರಂಭಿಸಿದವರು ಲಕ್ಷ್ಮಣರಾವ್ ಕಿರ್ಲೋಸ್ಕರರು. ಆ ಮನೆತನವು ಜಪಾನಿನ ಟೊಯೋಟಾ ಸಂಸ್ಥೆಯೊಡನೆ ಸೇರಿ 1997ರಲ್ಲಿ ಕಂಪನಿಯೊಂದನ್ನು ಹುಟ್ಟುಹಾಕಿತು. ಕಾರ್ಖಾನೆಯು ಬೆಂಗಳೂರು-ಮೈಸೂರು ಹೆದ್ದಾರಿಯ ಬಿಡದಿಯಲ್ಲಿ ನಿಂತಿತು. 1997ರ ಕೊನೆಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಪ್ರಿಯಸ್ ಕಾರಿನಿಂದ ಹೈಬ್ರಿಡ್ ಯುಗವು ಆರಂಭವಾಯಿತೆನ್ನಬಹುದು. ಭಾರತಕ್ಕೆ 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ ಹೊರದೇಶದಿಂದ ಬಂದಿತು. 2013ರಲ್ಲಿ ಬಿಡದಿಯಲ್ಲಿಯೇ ಕ್ಯಾಮ್ರಿ ಹೈಬ್ರಿಡ್ ತಯಾರಾಗತೊಡಗಿತು. 2020ರಲ್ಲಿ ಲೆಕ್ಸಸ್‌ನ ಇ.ಎಸ್. ಹೈಬ್ರಿಡ್ ಅಲ್ಲಿಂದಲೇ ಹೊರಬಂದಿತು. 2022ರಲ್ಲಿ ಇನ್ನೋವಾ ಹೈಕ್ರಾಸ್ ಅನಾವರಣಗೊಂಡಿತು. ಒಂದು ಕಾಲಕ್ಕೆ ಕುರ್ಲಾದ ಕಾರು ಕನ್ನಡನಾಡಿಗೆ ಹೋಗುತ್ತಿತ್ತು; ಈಗ ಕನ್ನಡನಾಡಿನ ಕಾರು ಸಯನ್ನಿಗೆ ಬರುತ್ತಿದೆ.

ಬೆಲೆ ಒಂದು ಸಲ, ಆರೈಕೆ ದಿನದಿನ

2024ರ ಡಿಸೆಂಬರಿನಲ್ಲಿ ಹೊಸ ಕ್ಯಾಮ್ರಿಯು ಬಿಡುಗಡೆಯಾದಾಗ ಅದರ ಶೋರೂಮ್ ಬೆಲೆ 48 ಲಕ್ಷ ರೂಪಾಯಿ. ಈ ಬೆಲೆಯಲ್ಲಿ ತೆರಿಗೆಯ ಪಾಲು ದೊಡ್ಡದು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಜಾರಿಗೆ ಬಂದಾಗ ದೊಡ್ಡ ಹೈಬ್ರಿಡ್ ಕಾರಿನ ಮೇಲೆ ತೆರಿಗೆ, ಸೆಸ್ಸು ಸೇರಿ ನೂರಕ್ಕೆ 43 ಬಿದ್ದಿತು. 2025ರ ಸೆಪ್ಟೆಂಬರ್ 22ರಿಂದ ಅದು 40 ಆಗಿದೆ. ಪೂರ್ತಿ ವಿದ್ಯುತ್ತಿನಿಂದ ಓಡುವ ಕಾರಿಗಾದರೋ 2019ರ ಆಗಸ್ಟಿನಿಂದ ಬರಿಯ 5. ಪೆಟ್ರೋಲು ಉಳಿಸುವ ಕಾರೆಂದು ಸರಕಾರವು ಹೈಬ್ರಿಡ್ಡಿಗೆ ದೊಡ್ಡ ರಿಯಾಯಿತಿಯನ್ನೇನೂ ತೋರಿಸಲಿಲ್ಲವೆಂದು ಇದರಿಂದ ಕಾಣುತ್ತದೆ.

ಗುಮಾಸ್ತರಿಗೆ ಲೆಕ್ಕವನ್ನು ಹೇಳಿಕೊಡಬೇಕಾಗಿಲ್ಲ. ಆದರೂ ಒಮ್ಮೆ ಬರೆದು ನೋಡೋಣ. ತಿಂಗಳಿಗೆ ಸಾವಿರ ಕಿಲೋಮೀಟರು ಓಡುವ ದೊಡ್ಡ ಪೆಟ್ರೋಲು ಕಾರು ಲೀಟರಿಗೆ 12 ಕಿಲೋಮೀಟರು ಕೊಟ್ಟರೆ 83 ಲೀಟರು ಬೇಕು. ಅದೇ ಗಾತ್ರದ ಹೈಬ್ರಿಡ್ 20 ಕೊಟ್ಟರೆ 50 ಲೀಟರು ಸಾಕು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ ತಿಂಗಳಿಗೆ ಮೂರು ಸಾವಿರದ ಮುನ್ನೂರು, ವರ್ಷಕ್ಕೆ ನಲವತ್ತು ಸಾವಿರದಷ್ಟು ಉಳಿತಾಯ. ಸಣ್ಣ ಮೊತ್ತವಲ್ಲ, ನಿಜ. ಆದರೆ ಐಷಾರಾಮಿ ಕಾರಿನ ಎರಡು ದೊಡ್ಡ ಟೈರುಗಳನ್ನು ಬದಲಿಸಿದರೆ ಆ ವರ್ಷದ ಉಳಿತಾಯವು ಬಹುಮಟ್ಟಿಗೆ ಅಲ್ಲಿಗೇ ಮುಗಿಯಿತು. ಪೆಟ್ರೋಲಿನ ಉಳಿತಾಯವೊಂದನ್ನೇ ನೋಡಿ ಕಾರನ್ನು ಕೊಳ್ಳುವವನು ಅರ್ಧ ಲೆಕ್ಕವನ್ನು ಮಾತ್ರ ಬರೆದಂತೆ.

ಆರೈಕೆಯ ವಿಷಯದಲ್ಲಿ ನಾಲ್ಕು ಮಾತುಗಳು ಮುಖ್ಯ.

ಮೊದಲನೆಯದು ದೊಡ್ಡ ಬ್ಯಾಟರಿ. ಇದಕ್ಕೆ ತಂಪು ಗಾಳಿ ಬೇಕು. ಅನೇಕ ಮಾದರಿಗಳಲ್ಲಿ ಹಿಂದಿನ ಸೀಟಿನ ಬದಿಯಲ್ಲೋ ಕೆಳಗೋ ಜಾಲರಿಯೊಂದಿದ್ದು, ಬ್ಯಾಟರಿಯು ಅಲ್ಲಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅದರ ಮೇಲೆ ಚೀಲ, ಹೊದಿಕೆಗಳನ್ನು ಹೇರಬಾರದು. ಒಳಗಿನ ಫಿಲ್ಟರಿನಲ್ಲಿ ಕಟ್ಟಿದ ಧೂಳನ್ನು ಕಾಲಕಾಲಕ್ಕೆ ತೆಗೆಸಬೇಕು. ಟೊಯೋಟಾದ ಇತ್ತೀಚಿನ ಹೈಬ್ರಿಡ್ ಕಾರುಗಳ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರು, ಯಾವುದು ಮೊದಲೋ ಅಷ್ಟರ ತನಕ, ವಾರಂಟಿಯಿದೆ. ಹಳೆಯ ಕಾರನ್ನು ಕೊಳ್ಳುವವರು ಈ ಅವಧಿಯಲ್ಲಿ ಎಷ್ಟು ಉಳಿದಿದೆಯೆಂದು ಮೊದಲು ಕೇಳತಕ್ಕದ್ದು.

ಎರಡನೆಯದು ಚಿಕ್ಕ ಬ್ಯಾಟರಿ. ದೊಡ್ಡದು ಇದ್ದಾಗಲೂ 12 ವೋಲ್ಟಿನ ಚಿಕ್ಕ ಬ್ಯಾಟರಿಯೊಂದು ಬೇರೆ ಇರುತ್ತದೆ. ದೊಡ್ಡ ಬ್ಯಾಟರಿಯ ಬಾಗಿಲನ್ನು ತೆರೆಯುವ ಬೀಗದ ಕೈ ಇದ್ದಂತೆ ಅದು. ಒಂದು ತಿಂಗಳು ಊರಿಗೆ ಹೋಗಿ, ಕಾರನ್ನು ಸಯನ್ನಿನ ಕಟ್ಟಡದ ಕೆಳಗೆ ಸುಮ್ಮನೆ ಬಿಟ್ಟರೆ ಈ ಚಿಕ್ಕದು ಬರಿದಾಗಬಹುದು. ಆಗ ದೊಡ್ಡದರಲ್ಲಿ ಎಷ್ಟು ವಿದ್ಯುತ್ತಿದ್ದರೂ ಕಾರು ಹೊರಡದು.

ಮೂರನೆಯದು ಬ್ರೇಕು. ವೇಗವನ್ನು ತಗ್ಗಿಸುವ ಕೆಲಸದಲ್ಲಿ ಮೋಟಾರು ಪಾಲುಗೊಳ್ಳುವುದರಿಂದ ಬ್ರೇಕ್ ಪ್ಯಾಡುಗಳು ನಿಧಾನವಾಗಿ ಸವೆಯುತ್ತವೆ. ಆದರೆ ಕಡಿಮೆ ಉಪಯೋಗವಾಗುವ ಲೋಹಕ್ಕೆ ಮುಂಬಯಿಯ ಉಪ್ಪುಗಾಳಿಯಲ್ಲಿ ತುಕ್ಕು ಹಿಡಿಯುವುದು ಸುಲಭ. ಸವೆದಿಲ್ಲವೆಂದು ಪರೀಕ್ಷಿಸದೆ ಬಿಡಬಾರದು.

ನಾಲ್ಕನೆಯದು ನೀರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದುದನ್ನು ಯಾರೂ ಮರೆತಿಲ್ಲ. ಸಾಧಾರಣ ಮಳೆಗಾಲದಲ್ಲಿಯೂ ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ಟುಗಳ ಬಳಿ ನೀರು ನಿಲ್ಲುವುದು ನಮಗೆ ಹೊಸತಲ್ಲ. ನೀರಿನಲ್ಲಿ ಮುಳುಗಿದ ಹೈಬ್ರಿಡ್ ಕಾರನ್ನು ಚಾಲೂ ಮಾಡಲು ಯತ್ನಿಸಬಾರದು. ಕಿತ್ತಳೆ ಬಣ್ಣದ ತಂತಿಗಳು ಅಧಿಕ ವೋಲ್ಟಿನವು, ಅವನ್ನು ಮುಟ್ಟಲೇಬಾರದು. ಮುಂದಿನ ಗಾಲಿಗಳಿಂದ ಓಡುವ ಹೈಬ್ರಿಡ್ಡನ್ನು ಆ ಗಾಲಿಗಳು ನೆಲದ ಮೇಲೆ ಉರುಳುವಂತೆ ಹಗ್ಗ ಕಟ್ಟಿ ಎಳೆಯಿಸುವುದೂ ತಪ್ಪು. ಗಾಲಿ ತಿರುಗಿದರೆ ಒಳಗಿನ ಮೋಟಾರೂ ತಿರುಗಿ ಕೆಡಬಹುದು. ಅದನ್ನು ಲಾರಿಯ ಮೇಲೆ ಏರಿಸಿಯೇ ಸಾಗಿಸುವುದು ಲೇಸು.

ಸ್ಟೆಪ್ನಿ ಎಲ್ಲಿ ಹೋಯಿತು?

ಈಗ ಐದನೆಯ ಗಾಲಿಯ ಮಾತು. ಸ್ಟೆಪ್ನಿ ಎಂದು ನಾವು ನಿತ್ಯ ಆಡುವ ಮಾತು ಒಂದು ಬೀದಿಯ ಹೆಸರು. ಮೋಟಾರಿನ ಆರಂಭದ ಕಾಲದಲ್ಲಿ ಕಾರುಗಳಿಗೆ ಹೆಚ್ಚಿನ ಗಾಲಿಯೇ ಇರುತ್ತಿರಲಿಲ್ಲ. ಕುದುರೆಗಳ ಲಾಳದಿಂದ ಉದುರಿದ ಮೊಳೆಗಳು ರಸ್ತೆಯ ತುಂಬ. ಚುಚ್ಚಿದಲ್ಲಿಯೇ ಕುಳಿತು ಟ್ಯೂಬಿಗೆ ತೇಪೆ ಹಾಕಬೇಕಾಗಿತ್ತು. 1904ರಲ್ಲಿ ವೇಲ್ಸಿನ ಲನೆಲ್ಲಿ ಎಂಬ ಊರಿನ ಡೇವಿಸ್ ಸೋದರರು, ಟೈರು ತೊಡಿಸಿದ ಬಳೆಯೊಂದನ್ನು ಮಾಡಿ, ಕೆಟ್ಟ ಗಾಲಿಗೆ ಅದನ್ನು ಬಿಗಿದು ಕಾರು ಮುಂದೆ ಸಾಗುವ ಉಪಾಯವನ್ನು ಕಂಡುಹಿಡಿದರು. ಅವರ ಅಂಗಡಿಯಿದ್ದುದು ಸ್ಟೆಪ್ನಿ ಬೀದಿಯಲ್ಲಿ. ಇಂಗ್ಲೆಂಡಿನಲ್ಲಿ ಆ ಮಾತು ಮರೆತುಹೋದರೂ ನಮ್ಮ ದೇಶದ ಗ್ಯಾರೇಜುಗಳಲ್ಲಿ ಉಳಿಯಿತು. ಬ್ರೆಜಿಲ್ ದೇಶದವರೂ ಹೆಚ್ಚಿನ ಗಾಲಿಯನ್ನು ಎಸ್ತೆಪೆ ಎಂದೇ ಕರೆಯುತ್ತಾರೆ.

ನೂರು ವರ್ಷಕ್ಕೂ ಮಿಕ್ಕಿ ಸೇವೆ ಸಲ್ಲಿಸಿದ ಈ ಗಾಲಿಗೆ ಈಗ ಜಾಗ ಸಿಗುವುದು ಕಷ್ಟವಾಗಿದೆ. ಮುಂಬಯಿಯ ಟ್ಯಾಕ್ಸಿಗಳಿಗೆ ಸಿ.ಎನ್.ಜಿ. ಬಂದಾಗ ಸಿಲಿಂಡರು ಡಿಕ್ಕಿಯನ್ನು ಆಕ್ರಮಿಸಿ, ಪ್ರಯಾಣಿಕರ ಪೆಟ್ಟಿಗೆಗಳು ಮಾಳಿಗೆಯೇರಿದ್ದನ್ನು ನಾವು ಕಂಡಿದ್ದೇವೆ. ಹೈಬ್ರಿಡ್ ಕಾರಿನಲ್ಲಿ ಹಾಗೆ ಜಾಗ ಬೇಡುವುದು ಬ್ಯಾಟರಿ. ಕೆಲವು ತಯಾರಕರು ಪೂರ್ಣ ಗಾತ್ರದ ಸ್ಟೆಪ್ನಿಯನ್ನು ಉಳಿಸಿಕೊಂಡಿದ್ದಾರೆ. ಕೆಲವರು ಸಪೂರವಾದ ತಾತ್ಕಾಲಿಕ ಗಾಲಿಯನ್ನು ಇಡುತ್ತಾರೆ. ಇನ್ನು ಕೆಲವರು ಗಾಲಿಯನ್ನೇ ಕೈಬಿಟ್ಟು ಒಂದು ಡಬ್ಬಿ ಅಂಟುದ್ರವವನ್ನೂ ಪುಟ್ಟ ಪಂಪನ್ನೂ ಕೊಡುತ್ತಾರೆ. ಕಾನೂನೂ ಇದಕ್ಕೆ ಒಪ್ಪಿದೆ. 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಮೂರೂವರೆ ಟನ್ನಿನೊಳಗಿನ ಕಾರಿಗೆ ಟ್ಯೂಬಿಲ್ಲದ ಟೈರು, ಗಾಳಿಯ ಒತ್ತಡವನ್ನು ತಿಳಿಸುವ ಸಾಧನ, ರಿಪೇರಿಯ ಸಾಮಗ್ರಿ ಇವು ಮೂರೂ ಇದ್ದರೆ ಹೆಚ್ಚಿನ ಗಾಲಿ ಬೇಕಾಗಿಲ್ಲವೆಂದು ಮಾಡಲಾಯಿತು. ಬ್ಯಾಟರಿಗಳಿಗೆ ಹೆಚ್ಚು ಜಾಗ ದೊರೆಯಲಿ ಎಂಬುದೂ ಆಗ ಹೇಳಿದ ಕಾರಣಗಳಲ್ಲಿ ಒಂದು.

ಪೇಟೆಯೊಳಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಸಯನ್ನಿನಿಂದ ದಾದರಿನವರೆಗೆ ಹೋಗುವಷ್ಟರಲ್ಲಿ ಪಂಕ್ಚರಿನ ಅಂಗಡಿ ಎಷ್ಟೋ ಸಿಗುತ್ತವೆ. ಆದರೆ ಮಂಗಳೂರು ಇಲ್ಲಿಂದ ಸುಮಾರು 900 ಕಿಲೋಮೀಟರು. ಪೊಲಾದಪುರವನ್ನು ದಾಟಿ ಕಶೇಡಿ ಘಟ್ಟದ ಕಡೆಗೆ, ಮಳೆಯ ರಾತ್ರಿಯಲ್ಲಿ, ಹೊಂಡವೊಂದಕ್ಕೆ ಇಳಿದ ಟೈರಿನ ಪಕ್ಕೆ ಸೀಳಿದರೆ ಡಬ್ಬಿಯ ಅಂಟು ಏನನ್ನೂ ಮಾಡಲಾರದು. ಅಂಟು ಮುಚ್ಚಬಲ್ಲುದು ಟೈರಿನ ನೆಲ ಮುಟ್ಟುವ ಭಾಗದಲ್ಲಿ ಮೊಳೆ ಚುಚ್ಚಿದ ಸಣ್ಣ ತೂತನ್ನು ಮಾತ್ರ. ಗಾಳಿ ಹೋದರೂ ಓಡಬಲ್ಲ ರನ್-ಫ್ಲಾಟ್ ಟೈರುಗಳೂ ಸಾಮಾನ್ಯವಾಗಿ 80 ಕಿಲೋಮೀಟರು ವೇಗ ಮೀರದೆ 80 ಕಿಲೋಮೀಟರು ದೂರ ಸಾಗಲು ಮಾತ್ರ ತಯಾರಾದವು. ಆಮೇಲೆ ಆ ಅಳತೆಯ ಟೈರು ಹತ್ತಿರದ ಪೇಟೆಯಲ್ಲಿ ಸಿಗಬೇಕಲ್ಲ! ಸಾಧಾರಣ ಕಾರಿನ ಟೈರು ತಾಲೂಕಿನ ಅಂಗಡಿಯಲ್ಲಿ ದೊರೆತೀತು. ಐಷಾರಾಮಿ ಕಾರಿನದಕ್ಕೆ ಮುಂಬಯಿಗೋ ಗೋವೆಗೋ ಹೇಳಿ ಕಳುಹಿಸಿ ಕಾಯಬೇಕಾದೀತು. ಕಾರು ಎಷ್ಟು ಬೆಲೆಯದೋ ಅದರ ಒಡೆಯನು ಅಷ್ಟು ಪರಾಧೀನನಾಗುವ ಗಳಿಗೆಯದು.

ಊರಿಗೆ ಹೊರಡುವ ಮುನ್ನ

ಆದುದರಿಂದ ಕೊಳ್ಳುವವರು ಬಣ್ಣವನ್ನೂ ಸೀಟನ್ನೂ ನೋಡುವ ಮೊದಲು ಡಿಕ್ಕಿಯ ಹಾಸನ್ನು ಎತ್ತಿ ನೋಡಲಿ. ಗಾಲಿ ಇದ್ದರೆ ಅದು ಪೂರ್ಣ ಗಾತ್ರದ್ದೋ ತಾತ್ಕಾಲಿಕದ್ದೋ ಎಂದು ತಿಳಿಯಲಿ. ತಾತ್ಕಾಲಿಕ ಗಾಲಿಯನ್ನು ಹಾಕಿ 80 ಕಿಲೋಮೀಟರು ವೇಗವನ್ನು ಮೀರಬಾರದು. ಅದಕ್ಕೆ ಸಾಮಾನ್ಯವಾಗಿ ಬೇಕಾಗುವುದು 60 ಪೌಂಡು ಗಾಳಿ, ಮಿಕ್ಕ ಗಾಲಿಗಳ ಸುಮಾರು ಇಮ್ಮಡಿ. ಗಾಲಿಯೇ ಇಲ್ಲದಿದ್ದರೆ, ಅದೇ ಅಳತೆಯ ಟೈರು ಮತ್ತು ರಿಮ್ಮನ್ನು ಬೇರೆಯಾಗಿ ಕೊಂಡು, ದೂರದ ಪ್ರಯಾಣಕ್ಕೆ ಮಾತ್ರ ಡಿಕ್ಕಿಯಲ್ಲಿ ಅಲುಗದಂತೆ ಕಟ್ಟಿ ಒಯ್ಯುವುದು ಲೇಸು. ಒಂದು ಪೆಟ್ಟಿಗೆಯ ಜಾಗ ಹೋಗುವುದು ನಿಜ. ಊರಿಗೆ ಒಯ್ಯುವ ಸಾಮಾನುಗಳಲ್ಲಿ ಒಂದನ್ನು ಬಿಟ್ಟರೆ ನಷ್ಟವಿಲ್ಲ. ಘಟ್ಟದ ನಡುವೆ ರಾತ್ರಿ ನಿಲ್ಲುವುದು ನಷ್ಟ.

ಇದ್ದ ಸ್ಟೆಪ್ನಿಯನ್ನೂ ಮರೆಯಬಾರದು. ಮಿಕ್ಕ ನಾಲ್ಕಕ್ಕೆ ಗಾಳಿ ಹಾಕಿಸುವಾಗ ಐದನೆಯದಕ್ಕೂ ಹಾಕಿಸಬೇಕು. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಟೈರಿನ ಪಕ್ಕೆಯ ಮೇಲೆ ಒತ್ತಿದ ನಾಲ್ಕು ಅಂಕೆಗಳು ಅದರ ಜನ್ಮಪತ್ರಿಕೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ಹುಟ್ಟಿದ್ದೆಂದು ಅರ್ಥ. ಡಬ್ಬಿಯ ಅಂಟಿಗೂ ವಾಯಿದೆಯ ತಾರೀಖು ಉಂಟು.

ಗಾಲಿಯನ್ನು ಬದಲಿಸುವ ಡ್ರೈವರಿಗೆ ಒಂದು ವಿಶೇಷ ಎಚ್ಚರಿಕೆ. ಹೈಬ್ರಿಡ್ ಕಾರು ಸದ್ದು ಮಾಡದಿದ್ದರೆ ಬಂದಾಗಿದೆ ಎಂದು ತಿಳಿಯಬಾರದು. ಎದುರಿನ ಫಲಕದಲ್ಲಿ ರೆಡಿ ಎಂಬ ಗುರುತು ಉರಿಯುತ್ತಿದ್ದರೆ ಎಂಜಿನು ತಾನಾಗಿಯೇ ಎದ್ದೀತು, ಕಾರು ಮುಂದಕ್ಕೆ ಸರಿದೀತು. ಮೊದಲು ಪೂರ್ತಿ ಬಂದ್ ಮಾಡಿ, ಕೈಬ್ರೇಕು ಹಾಕಿ, ಎಲ್ಲರನ್ನೂ ಕೆಳಗಿಳಿಸಿ, ಎದುರು ಮೂಲೆಯ ಗಾಲಿಗೆ ಕಲ್ಲನ್ನು ಒಡ್ಡಬೇಕು. ನಟ್ಟುಗಳನ್ನು ಜಾಕಿ ಎತ್ತುವ ಮೊದಲೇ ಸಡಿಲಿಸಬೇಕು. ಜಾಕಿಯನ್ನು ಪುಸ್ತಕದಲ್ಲಿ ತೋರಿಸಿದ ಜಾಗಕ್ಕಲ್ಲದೆ ಬೇರೆ ಕಡೆ ಕೊಡಬಾರದು. ಕಾರಿನ ಅಡಿಯಲ್ಲಿ ಅಧಿಕ ವೋಲ್ಟಿನ ತಂತಿಗಳು ಹಾದಿರುತ್ತವೆ. ಇಷ್ಟನ್ನೂ ಕತ್ತಲೆಯಲ್ಲಿ ಮೊದಲ ಸಲ ಕಲಿಯುವುದಕ್ಕಿಂತ, ಒಂದು ರಜೆಯ ದಿನ ಹಗಲು ಬೆಳಕಿನಲ್ಲಿ, ಕಟ್ಟಡದ ಅಂಗಳದಲ್ಲಿ ಒಮ್ಮೆ ಮಾಡಿ ನೋಡುವುದು ಮೇಲು. ಕಾರಿನ ಒಡೆಯರೂ ಆ ಹೊತ್ತು ಪಕ್ಕದಲ್ಲಿ ನಿಂತಿದ್ದರೆ ಇನ್ನೂ ಮೇಲು. ಸ್ಟೆಪ್ನಿ ಇಲ್ಲದ ಕಾರನ್ನು ಆರಿಸಿದವರು ಅವರು. ದಾರಿಯಲ್ಲಿ ನಿಂತಾಗ ಬೈಗುಳ ಕೇಳುವವನು ಡ್ರೈವರು ಎಂಬಂತಾಗಬಾರದು.

ನಮ್ಮ ಹೋಟೆಲುಗಳಲ್ಲಿ ಬದಲಿಯವನೊಬ್ಬನಿರುತ್ತಾನೆ. ಅಡಿಗೆಯವನು ಊರಿಗೆ ಹೋದರೆ ಒಲೆಯ ಮುಂದೆ, ಸಪ್ಲಾಯರನು ಜ್ವರದಿಂದ ಮಲಗಿದರೆ ಮೇಜುಗಳ ನಡುವೆ ನಿಲ್ಲುವವನು ಅವನೇ. ಮುಂಬಯಿಯ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿಯೂ ಸಾವಿರಾರು ಬದಲಿ ಕೆಲಸಗಾರರು ಬೆಳಗಾದರೆ ಬಾಗಿಲಲ್ಲಿ ಕಾದು ನಿಲ್ಲುತ್ತಿದ್ದರು; ಅವರಿದ್ದುದರಿಂದಲೇ ಮಗ್ಗಗಳು ನಿಲ್ಲಲಿಲ್ಲ. ಕೆಲಸವು ಸುಗಮವಾಗಿ ನಡೆಯುವ ದಿನಗಳಲ್ಲಿ ಬದಲಿಯವನು ಯಾರ ಕಣ್ಣಿಗೂ ಬೀಳುವುದಿಲ್ಲ. ಖರ್ಚು ತಗ್ಗಿಸುವ ಮಾತು ಬಂದಾಗ ಮೊದಲು ಕಣ್ಣಿಗೆ ಬೀಳುವವನೂ ಅವನೇ. ಡಿಕ್ಕಿಯ ಕತ್ತಲೆಯಲ್ಲಿ ಮಲಗಿರುವ ಐದನೆಯ ಗಾಲಿಯ ಪಾಡೂ ಅದೇ ಆಗಿದೆ. ಅದರ ಬೆಲೆಯು ತಿಳಿಯುವುದು ಮಿಕ್ಕ ನಾಲ್ಕರಲ್ಲಿ ಒಂದು ಸೋತ ದಿನ.

ಹೊಸ ಯಂತ್ರಗಳು ಬರಲಿ. ಪೆಟ್ರೋಲು ಉಳಿಯಲಿ, ಹೊಗೆ ಕಡಿಮೆಯಾಗಲಿ. ಬಿಡದಿಯಲ್ಲಿ ನಮ್ಮ ಜನರ ಕೈಯಿಂದ ತಯಾರಾದ ಕಾರು ಸಯನ್ನಿನ ಬೀದಿಯಲ್ಲಿ ಓಡುವುದನ್ನು ಕಂಡು ಹೆಮ್ಮೆಪಡೋಣ. ಆದರೆ ಊರಿನ ದಾರಿ ಉದ್ದವಾಗಿದೆ, ಘಟ್ಟಗಳಿವೆ, ಮಳೆಯಿದೆ. ಸಯನ್ ಸರ್ಕಲನ್ನು ದಾಟುವ ಮೊದಲೇ ಡಿಕ್ಕಿಯನ್ನು ತೆರೆದು ನೋಡಿದವನು ಮನೆಯವರನ್ನು ಹೊತ್ತಿಗೆ ಸರಿಯಾಗಿ ಊರು ಮುಟ್ಟಿಸುತ್ತಾನೆ.